ಯಾರಿಗೆ ಯಾವ ಕೆಲಸ, ಎಷ್ಟು ದಿನ: ಸರ್ ಎಂ. ವಿಶ್ವೇಶ್ವರಯ್ಯನವರ ಬದುಕು

ಕಳೆದ ವರ್ಷ ನಮ್ಮ ಕಾಲೇಜಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ನಮ್ಮ ತಂಡ ಅಣೆಕಟ್ಟಿನ ಮಾದರಿ ಮಾಡಬೇಕೆಂದು ನಿಶ್ಚಯಿಸಿತು. ನಾನೇ ಮುಖಂಡ. ಅದೇ ವಾರ ಕಂಪ್ಯೂಟರ್ ಲ್ಯಾಬಿನಲ್ಲಿ ನಮ್ಮ ಸರ್, ಯೋಜನೆಗಳ ವೇಳಾಪಟ್ಟಿ ಹಾಕುವ ಸಾಫ್ಟ್‌ವೇರ್ ತೋರಿಸಿಕೊಟ್ಟಿದ್ದರು. ನಾನು ಉತ್ಸಾಹದಿಂದ ಎಲ್ಲ ಕೆಲಸಗಳನ್ನೂ ಒಂದರ ಕೆಳಗೆ ಒಂದು ಬರೆದೆ. ಥರ್ಮಾಕೋಲ್ ಕತ್ತರಿಸುವುದು, ಬಣ್ಣ ಹಚ್ಚುವುದು, ಮೋಟರ್ ಜೋಡಿಸುವುದು, ವಿವರಣೆಯ ಫಲಕ ಬರೆಯುವುದು. ಪ್ರತಿಯೊಂದು ಕೆಲಸದ ಮುಂದೆಯೂ ಒಬ್ಬನೇ ಗೆಳೆಯನ ಹೆಸರು ಹಾಕಿದೆ. ಅವನ ಕೈಕೆಲಸ ಅಷ್ಟು ಚೆಂದ. ಪರದೆಯ ಮೇಲೆ ಅವನ ಹೆಸರಿನ ಪಕ್ಕ ಒಂದು ಕೆಂಪು ಗೊಂಬೆ ಮೂಡಿತು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪ್ರದರ್ಶನದ ಹಿಂದಿನ ರಾತ್ರಿ ಅವನಿಗೆ ಜ್ವರ ಬಂತು. ಬೆಳಿಗ್ಗೆ ನಮ್ಮ ಮೇಜಿನ ಮೇಲೆ ಅರ್ಧ ಅಣೆಕಟ್ಟು ಮಾತ್ರ ಇತ್ತು. ಮೋಟರ್ ತಿರುಗಲೇ ಇಲ್ಲ.

ಸರ್ ಬೈಯಲಿಲ್ಲ. ಆ ಕೆಂಪು ಗೊಂಬೆಯ ಅರ್ಥವನ್ನು ತಿಳಿಸಿದರು. ಒಬ್ಬನ ಒಂದು ದಿನವನ್ನು ನಾನು ಮೂರು ಕೆಲಸಗಳಿಗೆ ಕೊಟ್ಟಿದ್ದೆ. ಸಾಫ್ಟ್‌ವೇರಿಗೆ ಅದು ಗೊತ್ತಾಗಿತ್ತು, ನನಗೆ ಗೊತ್ತಾಗಿರಲಿಲ್ಲ. ಕೆಲಸಗಳ ಪಟ್ಟಿ ಬರೆಯುವುದು ಸುಲಭ, ಆ ಕೆಲಸಕ್ಕೆ ಬೇಕಾದ ಜನ, ಸಾಮಾನು, ಹಣವನ್ನು ಸರಿಯಾಗಿ ಹಂಚುವುದೇ ಕಷ್ಟ ಎಂದರು. ಆಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರ ಬದುಕನ್ನು ಈ ಒಂದು ದೃಷ್ಟಿಯಿಂದ ಓದಿ ನೋಡು ಎಂದು ಗ್ರಂಥಾಲಯಕ್ಕೆ ಕಳಿಸಿದರು. ಅವರ ಹೆಸರು ನಮಗೆಲ್ಲ ಪ್ರಾಥಮಿಕ ಶಾಲೆಯಿಂದಲೂ ಗೊತ್ತು. ಆದರೆ ಹೀಗೆ ಓದಿದಾಗ ನನಗೆ ಬೇರೆಯೇ ಒಬ್ಬ ಮನುಷ್ಯ ಕಂಡರು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಡ ಹುಡುಗನ ಲೆಕ್ಕ

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ತಂದೆ ಬೇಗನೆ ತೀರಿಕೊಂಡರು. ಮನೆಯಲ್ಲಿ ಹಣವಿರಲಿಲ್ಲ. ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಸಿಕ್ಕಿತು. ಕಾಲೇಜಿನ ಖರ್ಚಿಗೆ ಹುಡುಗ ಶ್ರೀಮಂತರ ಮನೆಯ ಮಕ್ಕಳಿಗೆ ಪಾಠ ಹೇಳಿದ. 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದ.

ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, 1883ರಲ್ಲಿ ಮೊದಲ ಸ್ಥಾನದಲ್ಲಿ ಉತ್ತೀರ್ಣರಾದರು. ವಿದ್ಯಾರ್ಥಿವೇತನದ ಆಸೆಯಲ್ಲಿ ಓದುತ್ತಿರುವ ನಮ್ಮಲ್ಲಿ ಅನೇಕರು ಈ ಸಾಲನ್ನು ಎರಡು ಸಲ ಓದಬೇಕು. ಆ ಹಣ ಆ ವರ್ಷ ಆ ಹುಡುಗನಿಗೆ ಸಿಗದಿದ್ದರೆ ಮುಂದಿನ ಯಾವ ಅಣೆಕಟ್ಟೂ ಅವರ ಕೈಯಿಂದ ಆಗುತ್ತಿರಲಿಲ್ಲ.

1884ರಲ್ಲಿ ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ನಾಸಿಕಕ್ಕೆ ಹೋದರು. ಆಮೇಲೆ ಖಾನ್‌ದೇಶದಲ್ಲಿ ಒಂದು ಹಳ್ಳಕ್ಕೆ ಅಡ್ಡಲಾಗಿ ನೀರಿನ ಕೊಳವೆ ಹಾಕುವ ಕೆಲಸ ಬಂತು. ಮಳೆಗಾಲ. ಹಳ್ಳ ತುಂಬಿ ಹರಿಯುತ್ತಿದೆ, ಮಳೆ ನಿಂತ ಮೇಲೆ ಮಾಡೋಣ ಎಂದು ಮೇಲಧಿಕಾರಿಗೆ ಬರೆದರು. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ, ಅಶಿಸ್ತು ಎಂದು ತಿಳಿದರು. ತರುಣ ಎಂಜಿನಿಯರ್ ವಾದ ಬೆಳೆಸದೆ ಆ ಮಳೆಯಲ್ಲೇ ಕೆಲಸ ಮುಗಿಸಿಕೊಟ್ಟರು. ಒಂದು ದಿನಾಂಕ ಕೊಟ್ಟಮೇಲೆ ಅದನ್ನು ಉಳಿಸಿಕೊಳ್ಳುವ ಹಟ ಅವರಿಗೆ ಅಲ್ಲಿಂದ ಬಂದಿರಬೇಕು ಎಂದು ನನಗೆ ಅನಿಸುತ್ತದೆ.

ಇದ್ದುದನ್ನೇ ಹೆಚ್ಚು ಮಾಡುವ ಬುದ್ಧಿ

ಸಿಂಧ್ ಪ್ರಾಂತದ ಸುಕ್ಕೂರು ಈಗ ಪಾಕಿಸ್ತಾನದಲ್ಲಿದೆ. 1894ರಲ್ಲಿ ಅದು ಮುಂಬೈ ಪ್ರಾಂತಕ್ಕೆ ಸೇರಿತ್ತು. ಸಿಂಧೂ ನದಿಯ ನೀರು ಕೆಸರಾಗಿರುತ್ತಿತ್ತು, ಊರಿಗೆ ಕುಡಿಯುವ ನೀರು ಬೇಕಿತ್ತು. ನೀರು ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯಲ್ಲಿ ದುಡ್ಡಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಮರಳನ್ನೇ ಸೋಸುವ ಕೆಲಸಕ್ಕೆ ಹಚ್ಚಿದರು. ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಇಳಿದು ತಿಳಿಯಾದ ನೀರು ಬಾವಿಗೆ ಬಂತು, ಅಲ್ಲಿಂದ ಅದನ್ನು ಮೇಲಕ್ಕೆ ಎತ್ತಿದರು.

ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ತೊಂದರೆ ಬೇರೆ. ಮಳೆಗಾಲದಲ್ಲಿ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು, ಬೇಸಿಗೆಯಲ್ಲಿ ಸಾಲುತ್ತಿರಲಿಲ್ಲ. ಗೋಡೆಯನ್ನು ಎತ್ತರಿಸಿದರೆ ಖರ್ಚು, ಜೊತೆಗೆ ಅಪಾಯ. ಅವರು ಕೋಡಿಯ ಮೇಲೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. ನೀರು ಒಂದು ಮಟ್ಟಕ್ಕೆ ಏರಿದರೆ ಅವು ತಾವಾಗಿಯೇ ತೆರೆದುಕೊಳ್ಳುತ್ತವೆ, ಇಳಿದರೆ ಮುಚ್ಚಿಕೊಳ್ಳುತ್ತವೆ. 1903ರಲ್ಲಿ ಅವು ಕೆಲಸ ಶುರು ಮಾಡಿದವು. ಗೋಡೆ ಅಷ್ಟೇ ಇದ್ದು ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ಈ ಬಾಗಿಲುಗಳಿಗೆ ಅವರ ಹೆಸರಿನಲ್ಲೇ ಪೇಟೆಂಟ್ ಸಿಕ್ಕಿತು.

ಹೊಲಗಳಿಗೆ ನೀರು ಹಂಚುವುದರಲ್ಲಿ ಅವರು ತಂದ ಬ್ಲಾಕ್ ಪದ್ಧತಿ ನನ್ನ ವಿಷಯಕ್ಕೆ ಇನ್ನೂ ಹತ್ತಿರ. ಅಂದಿನ ದಖ್ಖನ್ ಕಾಲುವೆಗಳಲ್ಲಿ ಕಬ್ಬು ಹಾಕಿದ ಕೆಲವರು ನೀರನ್ನೆಲ್ಲ ಹೀರುತ್ತಿದ್ದರು, ಕೆಳಗಿನ ಹಳ್ಳಿಗಳ ಪಾಲಿಗೆ ಒಣ ಕಾಲುವೆ. ಅವರು ಜಮೀನನ್ನು ಬ್ಲಾಕುಗಳಾಗಿ ಮಾಡಿ, ಒಂದೊಂದು ಬ್ಲಾಕಿನೊಳಗೂ ಕಬ್ಬು, ಭತ್ತ, ಕಡಿಮೆ ನೀರು ಕೇಳುವ ಬೆಳೆ ಹೀಗೆ ಸರದಿಯ ಮೇಲೆ ಬೆಳೆಯುವಂತೆ ಗೊತ್ತುಪಡಿಸಿದರು. ನೀರು ಹೆಚ್ಚಾಗಲಿಲ್ಲ. ಅದೇ ನೀರು ಹೆಚ್ಚು ಹಳ್ಳಿಗಳಿಗೆ ಸಿಗುವಂತಾಯಿತು. ತೊಗರಿಯ ನಾಡಿನವರಾದ ನಮಗೆ, ಕಾಗಿಣಾ ನದಿಯ ದಂಡೆಯವರಿಗೆ, ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದಾರಿಯಲ್ಲೇ ಹೋಗುವ ಹೈದರಾಬಾದು

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರದಲ್ಲಿ ಸಾವಿರಾರು ಜನ ಸತ್ತರು. ಆಗ ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲವೂ ನಿಜಾಮರ ರಾಜ್ಯದಲ್ಲಿದ್ದವು. ಹೈದರಾಬಾದಿನಲ್ಲಿ ಆದದ್ದು ನಮ್ಮ ಅಜ್ಜ ಮುತ್ತಜ್ಜಂದಿರ ರಾಜಧಾನಿಯಲ್ಲಿ ಆದ ಅನಾಹುತ. ಆಗ ಆಳುತ್ತಿದ್ದವರು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು. ವಿಶ್ವೇಶ್ವರಯ್ಯನವರು ಮುಂಬೈ ಸರ್ಕಾರದ ಕೆಲಸ ಬಿಟ್ಟು ಹೊರದೇಶಗಳಲ್ಲಿ ಪ್ರವಾಸ ಮಾಡುತ್ತಿದ್ದಾಗ ನಿಜಾಮ್ ಸರ್ಕಾರ ಅವರನ್ನು ಕೇಳಿಕೊಂಡಿತು. 1909ರಲ್ಲಿ ಅವರು ವಿಶೇಷ ಸಲಹಾ ಎಂಜಿನಿಯರ್ ಆಗಿ ಬಂದರು. ಮುಂಬೈ, ಪುಣೆ ಕಡೆಯಿಂದ ಹೈದರಾಬಾದಿಗೆ ರೈಲಿನ ದಾರಿ ಎಂದರೆ ವಾಡಿ ಜಂಕ್ಷನ್, ಚಿತ್ತಾಪುರ, ಸೇಡಂ, ತಾಂಡೂರು. ನಾವು ಕೂತು ಹೋಗುವ ದಾರಿಯೇ ಅದು. 1874ರಿಂದ ಅಲ್ಲಿ ರೈಲು ಓಡುತ್ತಿದೆ.

ಜನರಿಗೆ ತಕ್ಷಣ ಒಂದು ತಡೆಗೋಡೆ ಕಾಣಬೇಕಿತ್ತು. ಇವರು ಮೊದಲು ಲೆಕ್ಕಕ್ಕೆ ಕೂತರು. ಎಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ಕೆರೆಗಳು ಒಡೆದವು, ನೀರು ಎಷ್ಟು ಹೊತ್ತಿನಲ್ಲಿ ಊರಿಗೆ ತಲುಪಿತು ಎಂದು ಲೆಕ್ಕ ಹಾಕಿಸಿದರು. ಆಮೇಲೆ, ನಗರದ ಮೇಲ್ಭಾಗದಲ್ಲಿ ಮೂಸಿ ಮತ್ತು ಅದರ ಉಪನದಿ ಈಸಿಗೆ ಅಡ್ಡಲಾಗಿ ಎರಡು ಜಲಾಶಯ ಕಟ್ಟಬೇಕೆಂದು ಸೂಚಿಸಿದರು. ಅವೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರ. ಮೊದಲನೆಯದು 1920ರಲ್ಲಿ, ಎರಡನೆಯದು 1927ರಲ್ಲಿ ಮುಗಿಯಿತು. ಅವು ಪ್ರವಾಹವನ್ನು ತಡೆದವು, ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

ಹೈದರಾಬಾದ್ ರಾಜ್ಯದ ದೊಡ್ಡ ಎಂಜಿನಿಯರ್ ನವಾಬ್ ಅಲಿ ನವಾಜ್ ಜಂಗ್ ಬಹಾದ್ದೂರರ ಹೆಸರನ್ನೂ ಇಲ್ಲಿ ಹೇಳಬೇಕು. ನಿಜಾಮ್ ಸಾಗರ ಕಟ್ಟಿಸಿದವರು ಅವರೇ. 1929ರಲ್ಲಿ ಸುಕ್ಕೂರಿನ ದೊಡ್ಡ ಬ್ಯಾರೇಜ್ ಕೆಲಸವನ್ನು ಪರಿಶೀಲಿಸಲು ಮುಂಬೈ ಸರ್ಕಾರಕ್ಕೆ ಇಬ್ಬರು ತಜ್ಞರು ಬೇಕಾದಾಗ, ಅದು ಆರಿಸಿದ್ದು ವಿಶ್ವೇಶ್ವರಯ್ಯನವರನ್ನು ಮತ್ತು ಅಲಿ ನವಾಜ್ ಜಂಗರನ್ನು.

ಕನ್ನಂಬಾಡಿ

1909ರ ಕೊನೆಗೆ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಅವರ ಬದುಕಿನ ಅತಿ ದೊಡ್ಡ ವೇಳಾಪಟ್ಟಿ ಇಲ್ಲಿ ಶುರುವಾಯಿತು. ಕಾವೇರಿಗೆ ಕನ್ನಂಬಾಡಿಯ ಬಳಿ ಅಣೆಕಟ್ಟು. ಎತ್ತರ ಸುಮಾರು 130 ಅಡಿ, ಉದ್ದ 8,600 ಅಡಿ. ನಮ್ಮ ಸಾಫ್ಟ್‌ವೇರ್ ಕೇಳುವ ಸಂಪನ್ಮೂಲಗಳು ಮೂರು ಬಗೆ: ಒಂದು ಕೆಲಸ ಮಾಡುವ ಜನ ಮತ್ತು ಯಂತ್ರ, ಎರಡು ಸಾಮಾನು, ಮೂರು ಹಣ. ಕನ್ನಂಬಾಡಿಯಲ್ಲಿ ಮೂರಕ್ಕೂ ಕೊರತೆ ಇತ್ತು.

ಹಣದ ಮಾತು ಮೊದಲು. ಎರಡೂವರೆ ಕೋಟಿ ರೂಪಾಯಿಯ ಯೋಜನೆ. ಅಷ್ಟು ಹಣ ಹಾಕಿದರೆ ವಾಪಸು ಬರುತ್ತದೆಯೇ ಎಂದು ಹಣಕಾಸಿನ ಅಧಿಕಾರಿಗಳು ಹಿಂದೇಟು ಹಾಕಿದರು. ಕೆಳಗಿನ ಮದ್ರಾಸ್ ಸರ್ಕಾರವೂ ತನ್ನ ನೀರು ಕಡಿಮೆಯಾಗುತ್ತದೆಂದು ಒಪ್ಪಲಿಲ್ಲ. ವಿಶ್ವೇಶ್ವರಯ್ಯನವರು ಕೆಲಸವನ್ನು ಎರಡು ಹಂತ ಮಾಡಿದರು. ಮೊದಲ ಹಂತದಲ್ಲಿ ಗೋಡೆ ಕಡಿಮೆ ಎತ್ತರಕ್ಕೆ ನಿಲ್ಲುತ್ತದೆ. ಆದರೆ ತಳಪಾಯವನ್ನು ಮಾತ್ರ ಪೂರ್ತಿ ಎತ್ತರದ ಗೋಡೆಗೆ ತಕ್ಕಷ್ಟು ಅಗಲಕ್ಕೆ ಹಾಕಬೇಕು. ತಳಪಾಯವನ್ನು ಚಿಕ್ಕದಾಗಿ ಹಾಕಿದ್ದರೆ ಆಮೇಲೆ ಯಾವ ಹಣದಿಂದಲೂ ಅದನ್ನು ಸರಿಪಡಿಸಲು ಆಗುತ್ತಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆ ಕೊಟ್ಟರು, 1911ರ ನವೆಂಬರಿನಲ್ಲಿ ಕೆಲಸ ಶುರುವಾಯಿತು. ಮದ್ರಾಸಿನ ಜೊತೆಗಿನ ತಕರಾರು 1924ರ ಒಪ್ಪಂದದವರೆಗೂ ಮುಂದುವರಿಯಿತು. ಅಷ್ಟರೊಳಗೆ ತಳಪಾಯ ಸಿದ್ಧವಾಗಿ ಕಾದಿತ್ತು.

ಸಾಮಾನಿನ ಮಾತು ನಮ್ಮ ಊರಿನವರಿಗೆ ಆಶ್ಚರ್ಯವಾಗಬಹುದು. ವಾಡಿಯ ಎ.ಸಿ.ಸಿ., ಸೇಡಂನ ವಾಸವದತ್ತ, ಮಳಖೇಡದ ರಾಜಶ್ರೀ ಎಂದು ಸಿಮೆಂಟ್ ಕಾರ್ಖಾನೆಗಳ ಚಿಮಣಿ ನೋಡುತ್ತಲೇ ಬೆಳೆದವರು ನಾವು. ಕನ್ನಂಬಾಡಿ ಕಟ್ಟಿದ್ದು ಸಿಮೆಂಟಿನಿಂದಲ್ಲ. 1911ರಲ್ಲಿ ನಮ್ಮ ದೇಶದಲ್ಲಿ ಅಷ್ಟು ಸಿಮೆಂಟ್ ತಯಾರಾಗುತ್ತಲೇ ಇರಲಿಲ್ಲ. ಪೋರಬಂದರಿನ ಕಾರ್ಖಾನೆ ಸಿಮೆಂಟ್ ಮಾಡಲು ಶುರು ಮಾಡಿದ್ದು 1914ರಲ್ಲಿ. ನಮ್ಮ ಶಹಾಬಾದಿನ ಸಿಮೆಂಟ್ ಕಂಪನಿ ಅದಕ್ಕೂ ಈಚಿನದು, 1936ರಲ್ಲಿ ಅದು ಎ.ಸಿ.ಸಿ.ಯೊಳಗೆ ಸೇರಿತು. ಹೊರದೇಶದಿಂದ ತರಿಸಿದರೆ ಹಣ ಸಾಲದು. ಆದ್ದರಿಂದ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿದರು. ನೂರು ವರ್ಷ ದಾಟಿದ ಮೇಲೂ ಆ ಗೋಡೆ ನೀರು ಹಿಡಿದು ನಿಂತಿದೆ.

ನಮ್ಮ ಅಬ್ಬಾ ಗೌಂಡಿ ಕೆಲಸದವರು. ಸುಣ್ಣದ ಗಾರೆಯ ಬಗ್ಗೆ ಅವರನ್ನು ಕೇಳಿದೆ. ಹಳೆಯ ಗಚ್ಚಿನ ಕೆಲಸ ನಿಧಾನವಾಗಿ ಗಟ್ಟಿಯಾಗುತ್ತದೆ, ನೀರು ಹಾಕಿ ಕಾಯಬೇಕು, ಗೌಂಡಿಗಳನ್ನು ಹತ್ತು ಪಟ್ಟು ಮಾಡಿದರೂ ಗಾರೆ ತನ್ನ ಹೊತ್ತಿಗೇ ಗಟ್ಟಿಯಾಗುವುದು ಎಂದು ಹೇಳಿದರು. ಸಾಫ್ಟ್‌ವೇರಿನಲ್ಲಿ ನಾನು ತಪ್ಪು ತಿಳಿದ ಇನ್ನೊಂದು ವಿಷಯ ಇದೇ. ಒಂದು ಕೆಲಸಕ್ಕೆ ಒಬ್ಬನ ಬದಲು ಇಬ್ಬರನ್ನು ಹಾಕಿದರೆ ದಿನಗಳು ಅರ್ಧವಾಗುತ್ತವೆ ಎಂದು ಅದು ಲೆಕ್ಕ ಹಾಕುತ್ತದೆ. ಕಲ್ಲು ಹೊರುವುದಕ್ಕೆ ಆ ಲೆಕ್ಕ ಸರಿ. ಗಾರೆ ಒಣಗುವುದಕ್ಕೆ ಸರಿಯಲ್ಲ. ಯಾವುದು ಜನರಿಂದ ಬೇಗ ಆಗುತ್ತದೆ, ಯಾವುದಕ್ಕೆ ಕಾಯಲೇಬೇಕು ಎಂಬುದನ್ನು ಮನುಷ್ಯನೇ ಹೇಳಿಕೊಡಬೇಕು. ಆಗ ಆ ಕೆಲಸದ ಅವಧಿ ಬದಲಾಗದಂತೆ ಗುರುತು ಹಾಕಬಹುದು.

ಇನ್ನು ಜನ. ಸುಮಾರು 10,000 ಕೂಲಿಕಾರರು ಆ ಕೆಲಸದಲ್ಲಿದ್ದರು. ಇಲ್ಲಿ ಒಂದು ಗಡುವು ಕುತ್ತಿಗೆಗೆ ಬಂದಿತ್ತು. ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ 1902ರಿಂದ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ವಿದ್ಯುತ್ತೂ ಕಡಿಮೆ. ಕನ್ನಂಬಾಡಿಯಲ್ಲಿ ನೀರು ನಿಲ್ಲಿಸಿ, 1915ರ ಜುಲೈ ಹೊತ್ತಿಗೆ ಹೆಚ್ಚಿನ ವಿದ್ಯುತ್ ಕೊಡುತ್ತೇವೆ ಎಂದು ಮೈಸೂರು ಗಣಿ ಕಂಪನಿಗಳಿಗೆ ಮಾತು ಕೊಟ್ಟಿತ್ತು. ನದಿ ಪ್ರತಿ ಮಳೆಗಾಲದಲ್ಲೂ ಕೆಲಸ ನಿಲ್ಲಿಸುತ್ತಿತ್ತು. ಮಲೇರಿಯಾ ಬಂದು ಕೂಲಿಕಾರರು ಹಾಸಿಗೆ ಹಿಡಿದರು, ಅನೇಕರು ಊರಿಗೆ ಓಡಿದರು. ಆಗ ವೈದ್ಯರನ್ನು, ಔಷಧವನ್ನು ಹೆಚ್ಚಿಸಿದರು. ರಾತ್ರಿಯೂ ದೀಪ ಹಚ್ಚಿ ಪಾಳಿಯ ಮೇಲೆ ಕೆಲಸ ನಡೆಸಿದರು. ಕೊಟ್ಟ ದಿನಕ್ಕೆ ನೀರು ಸಿದ್ಧವಾಯಿತು.

ಜ್ವರದ ಈ ವಿಷಯ ಓದುವಾಗ ನನಗೆ ನನ್ನ ಗೆಳೆಯನ ನೆನಪಾಯಿತು. ವೇಳಾಪಟ್ಟಿಯಲ್ಲಿ ವೈದ್ಯನ ಹೆಸರೂ ಇರಬೇಕು ಎಂದು ನನಗೆ ಹೊಳೆದಿರಲಿಲ್ಲ. ಅವನ ಹೆಸರಿನ ಮುಂದೆ ಶೇಕಡ 100 ಎಂದು ಹಾಕಿದ್ದೆ. ಅಂದರೆ ಅವನು ಊಟ, ನಿದ್ದೆ, ನಮಾಜು, ಕಾಯಿಲೆ ಯಾವುದೂ ಇಲ್ಲದವನು ಎಂದು ತಿಳಿದಂತಾಯಿತು, ಅದೂ ಮೂರು ಸಲ.

ಇದೇ ವರ್ಷಗಳಲ್ಲಿ ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ ಕೆಲಸಗಳನ್ನು ಅಡ್ಡ ಪಟ್ಟಿಗಳಾಗಿ ಬರೆದು ತೋರಿಸುವ ನಕ್ಷೆಯನ್ನು ಬಳಕೆಗೆ ತರುತ್ತಿದ್ದರು. ಇಂದಿನ ಸಾಫ್ಟ್‌ವೇರಿನ ಪರದೆಯ ಮೇಲೆ ನಾವು ನೋಡುವುದು ಆ ಪಟ್ಟಿಗಳನ್ನೇ. ಕನ್ನಂಬಾಡಿಯವರ ಕೈಯಲ್ಲಿ ಇದ್ದುದು ಕಾಗದ, ಮಸಿ, ಹಾಜರಿ ಪುಸ್ತಕ.

ಕೃಷ್ಣರಾಜಸಾಗರದ ಪ್ರವೇಶದ ಬಳಿ ಟಿಪ್ಪು ಸುಲ್ತಾನರ ಕಾಲದ ಒಂದು ಪರ್ಷಿಯನ್ ಶಾಸನ ಇದೆ. ಕಾವೇರಿಗೆ ಅಣೆಕಟ್ಟು ಕಟ್ಟುವ ಸಂಕಲ್ಪವನ್ನು ಅದು ಹೇಳುತ್ತದೆ. ಅಣೆಕಟ್ಟಿನ ಕೆಲಸದ ವೇಳೆ ಸಿಕ್ಕ ಆ ಕಲ್ಲನ್ನು ಎಸೆಯದೆ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ್ದಾರೆ. ವಿಶ್ವೇಶ್ವರಯ್ಯನವರ ನಂತರವೂ ಕೆಲಸ ಮುಂದುವರಿದು, 1930ರ ದಶಕದ ಆರಂಭಕ್ಕೆ ಗೋಡೆ ಪೂರ್ತಿಯಾಯಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಬೃಂದಾವನ ಉದ್ಯಾನ ಮಾಡಿಸಿದವರು ಅವರೇ, ಮುಂದೆ ನಮ್ಮ ಹೈದರಾಬಾದ್ ರಾಜ್ಯದ ಪ್ರಧಾನಿಯೂ ಆದರು. ಮಂಡ್ಯದ ಕಡೆ ಲಕ್ಷಕ್ಕೂ ಹೆಚ್ಚು ಎಕರೆಗೆ ನೀರು ಕೊಟ್ಟ ಆ ಕಾಲುವೆಗೆ ಈಗ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರು.

ಇನ್ನೊಂದು ಕಡೆಯನ್ನೂ ಹೇಳಬೇಕು. ಕನ್ನಂಬಾಡಿ ಸೇರಿ ಹಲವು ಹಳ್ಳಿಗಳು ಆ ನೀರಿನಲ್ಲಿ ಮುಳುಗಿದವು. ಮುಳುಗಿದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಈಚೆಗೆ ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ದಾರೆ. ಮನೆಗಳನ್ನು ಬಿಟ್ಟು ಹೋದವರ ಪಾಲೂ ಆ ಅಣೆಕಟ್ಟಿನಲ್ಲಿದೆ.

ಪಟ್ಟಿಯಲ್ಲಿ ಯಾರ ಹೆಸರು

1912ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದರು. ಆರು ವರ್ಷಗಳಲ್ಲಿ ಆದ ಕೆಲಸಗಳನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ: 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾನೂನನ್ನೂ ಅವರು 1913ರಲ್ಲಿ ತಂದರು. ಇವನ್ನು ಬೇರೆ ಬೇರೆ ಸಾಧನೆಗಳೆಂದು ಓದಿದ್ದೆ. ಈಗ ನೋಡಿದರೆ ಎಲ್ಲವೂ ಒಂದೇ ಯೋಜನೆಯ ಸಂಪನ್ಮೂಲಗಳು. ಬ್ಯಾಂಕು ಹಣವನ್ನು, ಶಾಲೆಯೂ ವಿಶ್ವವಿದ್ಯಾಲಯವೂ ಕಲಿತ ಜನರನ್ನು ಒದಗಿಸಬೇಕಾಗಿತ್ತು.

ಆದರೆ ಇಲ್ಲಿಯೇ ಅವರ ಬದುಕಿನ ಕಷ್ಟದ ಪ್ರಶ್ನೆ ಬರುತ್ತದೆ. ಮೈಸೂರಿನ ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣರೇ ತುಂಬಿದ್ದರು. ಉಳಿದವರಿಗೂ ಪಾಲು ಬೇಕೆಂಬ ಕೂಗು ಎದ್ದಾಗ, 1918ರಲ್ಲಿ ಮಹಾರಾಜರು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಹಿಂದುಳಿದವರ ಪರವಾಗಿ ಸಮಿತಿ ಲೆಕ್ಕ ಹಾಕಿದಾಗ ಮುಸ್ಲಿಮರೂ ಅದರಲ್ಲಿ ಸೇರಿದ್ದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಕೆಲಸಕ್ಕೆ ಯೋಗ್ಯತೆಯೊಂದನ್ನೇ ನೋಡಬೇಕು, ಮೊದಲು ಶಿಕ್ಷಣ ಹರಡಲಿ ಎಂಬುದು ಅವರ ನಿಲುವು. ಅದೇ ವರ್ಷದ ಕೊನೆಗೆ ಅವರು ದಿವಾನಗಿರಿಯಿಂದ ಹೊರಬಂದರು. ಮಹಾರಾಜರು ಸಮಿತಿಯ ದಾರಿಯಲ್ಲೇ ನಡೆದರು.

ಅವರನ್ನು ಗೌರವಿಸುತ್ತಲೇ ನಾನು ಇಲ್ಲಿ ಅವರನ್ನು ಒಪ್ಪುವುದಿಲ್ಲ. ನನ್ನ ಕಾರಣ ಸಾಫ್ಟ್‌ವೇರಿನಲ್ಲೇ ಇದೆ. ಕೆಲಸ ಹಂಚುವ ಮೊದಲು ಅದರಲ್ಲಿ ಸಂಪನ್ಮೂಲಗಳ ಒಂದು ಹಾಳೆ ತುಂಬಬೇಕು. ಆ ಹಾಳೆಯಲ್ಲಿ ಯಾರ ಹೆಸರು ಇದೆಯೋ ಅವರನ್ನು ಮಾತ್ರ ಅದು ನಮಗೆ ತೋರಿಸುತ್ತದೆ. ಹೆಸರೇ ಇಲ್ಲದವನು ಎಷ್ಟು ಜಾಣನಾದರೂ ಅವನಿಗೆ ಕೆಲಸ ಬರುವುದಿಲ್ಲ. ಕೆಲಸ ಬಾರದಿದ್ದರೆ ಅನುಭವ ಬರುವುದಿಲ್ಲ, ಅನುಭವ ಇಲ್ಲದಿದ್ದರೆ ಮುಂದಿನ ಸಲವೂ ಅವನ ಹೆಸರು ಹಾಳೆಗೆ ಬರುವುದಿಲ್ಲ. ಶಾಲೆ ಹರಡುವವರೆಗೆ ಕಾಯಿರಿ ಎಂದರೆ ಎಷ್ಟೋ ಮನೆಗಳಲ್ಲಿ ಎರಡು ತಲೆಮಾರು ಕಾಯಬೇಕಾಗುತ್ತದೆ. ಶಾಲೆಯನ್ನು ಹರಡಿದ್ದು ಅವರ ದೊಡ್ಡತನ. ಹಾಳೆಯನ್ನು ಅಂದೇ ತಿದ್ದಬೇಕೆಂದು ಕೇಳಿದವರ ಮಾತಿನಲ್ಲೂ ನ್ಯಾಯವಿತ್ತು. ನಮ್ಮ ಊರಿನಲ್ಲಿ ನಮ್ಮ ಕಾಲೇಜನ್ನು ತೆರೆದವರು ಮಾಡಿದ್ದೂ ಆ ಹಾಳೆ ತುಂಬುವ ಕೆಲಸವೇ ಎಂದು ನಾನು ತಿಳಿದಿದ್ದೇನೆ.

ಕೊನೆಯವರೆಗೂ ಕೆಲಸ

ದಿವಾನಗಿರಿ ಬಿಟ್ಟಮೇಲೆ ಅವರು ನಲವತ್ತು ವರ್ಷಕ್ಕೂ ಹೆಚ್ಚು ಬದುಕಿದರು. ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು 1923ರಿಂದ 1929ರವರೆಗೆ ನೋಡಿಕೊಂಡು ಒಂದು ದಾರಿಗೆ ತಂದರು. ಅದಕ್ಕಾಗಿ ತಮಗೆ ಬರಬೇಕಾದ ಹಣವನ್ನು ಹುಡುಗರಿಗೆ ಕೈಕಸಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹುಟ್ಟಿದ್ದು ಹಾಗೆ. ಆ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದರು.

1934ರಲ್ಲಿ ಅವರು ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕೆಂದು ಒಂದು ಪುಸ್ತಕ ಬರೆದರು. ದೇಶಕ್ಕೆ ಹತ್ತು ವರ್ಷದ ಯೋಜನೆ ಇರಬೇಕು, ಹೊಲವನ್ನೇ ನಂಬಿದ ಜನರಲ್ಲಿ ಒಂದು ಪಾಲು ಕೈಗಾರಿಕೆಗೆ ಬರಬೇಕು ಎಂದರು. ಕನ್ನಂಬಾಡಿಯಲ್ಲಿ ಮಾಡಿದ ಲೆಕ್ಕವನ್ನು ಅವರು ಇಡೀ ದೇಶಕ್ಕೆ ಹಾಕಿ ನೋಡಿದ್ದರು. ಸ್ವತಂತ್ರ ಭಾರತದ ಪಂಚವಾರ್ಷಿಕ ಯೋಜನೆಗಳು ಬಂದದ್ದು ಇದಾದ 17 ವರ್ಷದ ಮೇಲೆ.

ತೊಂಬತ್ತು ದಾಟಿದ ಮೇಲೂ ಬಿಹಾರದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂಬ ಸಮಿತಿಯ ಮುಖ್ಯಸ್ಥರಾಗಿ ಜಾಗ ನೋಡಲು ಹೋದರು. ಮೊಕಾಮಾದಲ್ಲಿ ಆ ಸೇತುವೆ 1959ರಲ್ಲಿ ತೆರೆಯಿತು. 1955ರಲ್ಲಿ ಭಾರತರತ್ನ ಬಂದಿತ್ತು. 1962ರ ಏಪ್ರಿಲ್‌ನಲ್ಲಿ, ನೂರು ತುಂಬಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು. ಹುಟ್ಟಿದ ಮುದ್ದೇನಹಳ್ಳಿಯಲ್ಲೇ ಅಂತ್ಯಕ್ರಿಯೆ ನಡೆಯಿತು. ಅವರ ಹುಟ್ಟುಹಬ್ಬ ಸೆಪ್ಟೆಂಬರ್ 15 ನಮಗೆ ಎಂಜಿನಿಯರುಗಳ ದಿನ.

ಈ ವರ್ಷ ನಾವು ಮತ್ತೆ ಅಣೆಕಟ್ಟನ್ನೇ ಮಾಡುತ್ತಿದ್ದೇವೆ. ಈ ಸಲ ಕೆಲಸಗಳ ಪಟ್ಟಿಯನ್ನು ಆಮೇಲೆ ಬರೆದೆವು, ಮೊದಲು ಜನರ ಹಾಳೆ ತುಂಬಿದೆವು. ಯಾರಿಗೆ ಏನು ಬರುತ್ತದೆ, ದಿನಕ್ಕೆ ಎಷ್ಟು ಗಂಟೆ ಬಿಡುವು ಎಂದು ಒಬ್ಬೊಬ್ಬರನ್ನೂ ಕೇಳಿದೆವು. ಶುಕ್ರವಾರದ ಜುಮಾ ಹೊತ್ತು, ವಾಡಿ ಮತ್ತು ಶಹಾಬಾದಿನವರ ರೈಲಿನ ಹೊತ್ತು, ಚಿಂಚೋಳಿಯವರ ಬಸ್ಸಿನ ಹೊತ್ತು ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಕಳೆದೆವು. ಹಾಗೆ ಕೇಳುವಾಗ ಗೊತ್ತಾಯಿತು, ಚಿಂಚೋಳಿ ಕಡೆಯಿಂದ ಬರುವ ಪ್ರಥಮ ಪಿಯುಸಿಯ ಒಬ್ಬ ತಂಗಿಗೆ ಮೋಟರ್ ರಿವೈಂಡಿಂಗ್ ಬರುತ್ತದೆ. ಅವಳ ಮನೆಯವರ ಅಂಗಡಿಯೇ ಅದು. ಕಳೆದ ವರ್ಷದ ಸುಟ್ಟ ಮೋಟರನ್ನು ಎರಡು ದಿನದಲ್ಲಿ ಅವಳು ತಿರುಗಿಸಿ ತೋರಿಸಿದಳು. ನಾವು ಹುಡುಗರು ಅವಳನ್ನು ಈವರೆಗೆ ಏನೂ ಕೇಳಿರಲೇ ಇಲ್ಲ.

ಹಾಳೆ ಈಗಲೂ ಲ್ಯಾಬಿನ ಬಾಗಿಲಿನ ಪಕ್ಕದಲ್ಲಿ ಅಂಟಿಸಿದೆ. ಬಣ್ಣ ಹಚ್ಚಲು ಇಬ್ಬರು, ಉರ್ದು ಮತ್ತು ಕನ್ನಡದಲ್ಲಿ ಫಲಕ ಬರೆಯಲು ಒಬ್ಬೊಬ್ಬರು ಇನ್ನೂ ಬೇಕು. ಬರುವವರು ಹೆಸರಿನ ಮುಂದೆ ನಿಮ್ಮ ಬಿಡುವಿನ ಗಂಟೆಯನ್ನು ನಿಜವಾಗಿ ಬರೆಯಿರಿ. ಯಾರೂ ಶೇಕಡ 100 ಎಂದು ಬರೆಯಬೇಡಿ.